ಐದು ಕಾರ್ಡು, ಒಂದು ಬಾಯಿ

ಹಮಾಲರ ಸಂಘದ ಮಹಡಿ ಹತ್ತಿದಾಗ ಅಲ್ಲೊಬ್ಬ ಗಂಡಸು ಒಂಟಿಯಾಗಿ ಇಸ್ಪೀಟು ಆಡುತ್ತಿದ್ದ. ಡಾಮಿನೊ ಆಟದ ನಾಲ್ಕು ಮೇಜುಗಳನ್ನು ಒತ್ತಾಗಿ ಜೋಡಿಸಿಕೊಂಡಿದ್ದ. ಮೇಲೆ ಸಾಲುಸಾಲಾಗಿ ಬಿಳಿ ಎಲೆಗಳು. ಕಿಟಕಿಯಿಂದ ಕಡಲ ಗಾಳಿ ನುಗ್ಗುತ್ತಿದ್ದುದರಿಂದ ಪ್ರತಿ ಎಲೆಯ ಮೇಲೂ ಒಂದೊಂದು ಡಾಮಿನೊ ಬಿಲ್ಲೆ ಇಟ್ಟಿದ್ದ.

"ಆಟ ಮುಗಿದ ಮೇಲೆ, ಗಾಸ್ಪರ್ ಮೇಷ್ಟ್ರು ಎಲ್ಲಿ ಸಿಕ್ತಾರೆ ಅಂತ ಸ್ವಲ್ಪ ಹೇಳ್ತೀರಾ?" ಎಂದೆ.

ಅವನು ತಲೆ ಎತ್ತಲಿಲ್ಲ. "ಮೇಷ್ಟ್ರು ಇಲ್ಲೇ ಇದಾರೆ. ಸೋಲ್ತಾ ಇದಾರೆ. ಮಾತಾಡಿಸ್ಬೇಡಿ."

ಹತ್ತಿರ ಹೋಗಿ ನೋಡಿದೆ. ಇಸ್ಪೀಟಲ್ಲ, ಅಂಗೈಯಗಲದ ಕಾರ್ಡುಗಳು. ಒಂದೊಂದರ ಮೇಲೂ ದುಂಡು ಅಕ್ಷರದಲ್ಲಿ ಒಂದೊಂದೇ ಸಾಲು. *ಅವತ್ತು ಗಾಳಿ ಯಾವ ಕಡೆಯಿಂದ ಇತ್ತು? ಕೂತವರಿಗೆ ನೀರು ಕೊಟ್ಟವರು ಯಾರು? ಮುಕಾದಮ ರಾತ್ರಿ ಊಟ ಮಾಡಿದನೆ?*

"ಬರೀ ಪ್ರಶ್ನೆ. ಒಂದಕ್ಕೂ ಉತ್ತರ ಇಲ್ವಲ್ಲ," ಎಂದೆ.

"ಅದಕ್ಕೇ ಸಂಘದವರು ನಿಮ್ಮನ್ನ ಕರೆಸಿರೋದು. ಪೇಪರಿನವರ ಹತ್ರ ಉತ್ತರ ಯಾವಾಗ್ಲೂ ಇರುತ್ತಂತೆ. ಪ್ರಶ್ನೆ ಇಲ್ಲದಿದ್ರೂ."

ಆಗ ತಲೆ ಎತ್ತಿದ. ಕಣ್ಣಿನಲ್ಲಿ ತುಂಟತನವಿತ್ತು, ಆದರೆ ಎದ್ದು ನಿಂತು ಕುರ್ಚಿ ಸರಿಸಿಕೊಟ್ಟ. ಬೈಯಬೇಕೆಂದಿದ್ದವಳು ಕೂತೆ.

ನಾನು ಓತಿಲಿಯಾ ಸಮೂದಿಯೊ. ವೆರಾಕ್ರೂಸ್ ಬಂದರಿನ ದಿನಪತ್ರಿಕೆಯೊಂದರಲ್ಲಿ ಹತ್ತು ವರ್ಷ ಹಡಗು ನಿಲ್ಲುವ ಧಕ್ಕೆಯ ಸುದ್ದಿ ಬರೆದವಳು. ಹಮಾಲರ ಸಂಘಕ್ಕೆ ಆ ವರ್ಷ, ಅಂದರೆ ಎಪ್ಪತ್ತನಾಲ್ಕರಲ್ಲಿ, ಐವತ್ತು ತುಂಬುತ್ತಿತ್ತು. ಅದರ ಚರಿತ್ರೆಯನ್ನು ಇಬ್ಬರು ಸೇರಿ ಬರೆಯಬೇಕೆಂದು ಸಂಘ ಗೊತ್ತುಮಾಡಿತು. ಪತ್ರಿಕೆಯಿಂದ ನಾನು, ಪ್ರೌಢಶಾಲೆಯಲ್ಲಿ ಚರಿತ್ರೆ ಕಲಿಸುವ ಗಾಸ್ಪರ್ ಲಗೂನೆಸ್ ಇನ್ನೊಬ್ಬ. ಅವನು ಹಮಾಲನ ಮಗ. ಅಷ್ಟೇ ಅಲ್ಲ, ಫೆರ್ಮಿನ್ ಲಗೂನೆಸ್‌ನ ಮಗ.

ಆ ಹೆಸರು ಬಂದರಿನಲ್ಲಿ ಗೊತ್ತಿಲ್ಲದವರಿಲ್ಲ. ಸಾವಿರದ ಒಂಬೈನೂರ ಇಪ್ಪತ್ತನಾಲ್ಕರ ಒಂದು ಬೆಳಿಗ್ಗೆ ಹಡಗಿಗೆ ಕಾಫಿ ಮೂಟೆ ಏರಿಸುವಾಗ ಹಲಗೆ ಮುರಿದು ಒಬ್ಬ ಹಮಾಲ ಸತ್ತ. ಹೆಣ ಇನ್ನೂ ಅಲ್ಲೇ ಇರುವಾಗ ಮುಕಾದಮ ಕೆಲಸ ನಡೆಯಲಿ ಅಂದ. ಒಬ್ಬ ಹಮಾಲ ಹೆಗಲ ಮೇಲಿನ ಮೂಟೆ ಇಳಿಸಿ ಅದರ ಮೇಲೆ ಕೂತುಬಿಟ್ಟ. ಆಮೇಲೆ ಎಲ್ಲರೂ ಕೂತರು. ಸಂಘ ಹುಟ್ಟಿದ್ದು ಹಾಗೆ. ಮೊದಲು ಕೂತವನು ಫೆರ್ಮಿನ್ ಲಗೂನೆಸ್. ಸಂಘದ ದೊಡ್ಡ ಗೋಡೆಗೆ ಆಗಲೇ ಸುಣ್ಣ ಬಳಿದಿದ್ದರು, ವಾರ್ಷಿಕೋತ್ಸವಕ್ಕೆ ಆ ಹೆಸರು ಬರೆಸುವುದಕ್ಕೆ.

ಕೆಲಸ ಜಗಳದಿಂದಲೇ ಶುರುವಾಯಿತು. ನಾನೂ ಕಾರ್ಡಿನವಳೇ. ಪತ್ರಿಕೆಯಲ್ಲಿ ಕಲಿತ ನಿಯಮ ನನ್ನದು. ಒಂದು ಕಾರ್ಡಿಗೆ ಒಂದೇ ವಿಷಯ. ನೆತ್ತಿಯ ಮೇಲೆ ಅದು ಯಾವುದರ ಬಗ್ಗೆ ಅನ್ನುವ ಒಂದು ಪದ. ಕೆಳಗಿನ ಮೂಲೆಯಲ್ಲಿ, ಹೇಳಿದವರು ಯಾರು, ಅವರಿಗೆ ಹೇಗೆ ಗೊತ್ತು. ಮೂಲೆ ಖಾಲಿ ಇದ್ದರೆ ಕಾರ್ಡು ನನ್ನ ಡಬ್ಬಿಗೆ ಬೀಳುವುದಿಲ್ಲ.

ಗಾಸ್ಪರನ ಕಾರ್ಡುಗಳಿಗೆ ನೆತ್ತಿಯೂ ಇರಲಿಲ್ಲ, ಮೂಲೆಯೂ ಇರಲಿಲ್ಲ.

"ಇದೇನು ಇದು, 'ಅವತ್ತು ಧಕ್ಕೆಯಲ್ಲಿ ಮೌನ' ಅಂತ? ಯಾರು ಹೇಳಿದ್ದು?"

"ನಂಗೆ ಅನ್ನಿಸಿದ್ದು."

"ಅನ್ನಿಸಿದ್ದನ್ನ ಡೈರಿಯಲ್ಲಿ ಬರ್ಕೊಳ್ಳಿ, ಮೇಷ್ಟ್ರೇ."

"ಓತಿಲಿಯಾ ಮೇಡಂ, ಅನ್ನಿಸದೇ ಇದ್ರೆ ಹೋಗಿ ಕೇಳೋದಾದ್ರೂ ಏನನ್ನ?"

ಮರುದಿನ ಅವನ ಮೌನದ ಕಾರ್ಡನ್ನು ಚೀಲದಲ್ಲಿ ಹಾಕಿಕೊಂಡು ಹೋದೆ. ಮೀನಿನ ಮಾರುಕಟ್ಟೆಯ ಒಬ್ಬ ಮುದುಕಿಯನ್ನು ಕೇಳಿದೆ, ಅವತ್ತು ಏನು ಕೇಳಿಸುತ್ತಿತ್ತು ಅಂತ. ಅವಳು ಸ್ವಲ್ಪ ಯೋಚಿಸಿ, "ಕ್ರೇನು ನಿಂತಿತ್ತು ಮಗಳೇ. ಮೊದಲ ಸಲ ಬಂದರಿನಲ್ಲಿ ಅಲೆ ಕೇಳಿಸ್ತು," ಎಂದಳು. ಅದನ್ನು ಕಾರ್ಡಿಗೆ ಇಳಿಸಿ, ಮೂಲೆ ತುಂಬಿ, ಅವನ ಕಾರ್ಡಿನ ಪಕ್ಕದಲ್ಲಿಟ್ಟೆ. ಅವನು ಎರಡನ್ನೂ ಓದಿ ನನ್ನನ್ನು ನೋಡಿದ. ನಗಲಿಲ್ಲ, ಕೆಣಕಲಿಲ್ಲ. ಆ ನೋಟ ಸಂಜೆವರೆಗೂ ನನ್ನ ಜೊತೆ ತಿರುಗಾಡಿತು.

ಹೀಗೆ ಮೇಜು ಬೆಳೆಯಿತು. ಅವನ ಪ್ರಶ್ನೆಯ ಕೆಳಗೆ ನನ್ನ ಉತ್ತರ, ಉತ್ತರದ ಕೆಳಗೆ ಅವನ ಇನ್ನೊಂದು ಪ್ರಶ್ನೆ. ಎಲ್ಲಿ ಕಾರ್ಡುಗಳ ಸಾಲು ತೆಳುವಾಗಿದೆಯೋ ಅಲ್ಲಿ ನಮಗೆ ಗೊತ್ತಿಲ್ಲ ಎಂದು ಅರ್ಥ, ಅಲ್ಲಿಗೆ ನಡೆದುಹೋಗಬೇಕು. ಒಬ್ಬರ ಕಾರ್ಡನ್ನು ಇನ್ನೊಬ್ಬರು ಸರಿಸಬಹುದು, ಆದರೆ ಯಾಕೆ ಅಂತ ಎದುರಿಗೇ ಹೇಳಬೇಕು. ಈ ನಿಯಮ ಇಬ್ಬರೂ ಮಾಡಿಕೊಂಡದ್ದು. ಕೆಳಗೆ ಡಾಮಿನೊ ಆಡುವ ಹಳೇ ಹಮಾಲರು ದಿನಾ ಗೊಣಗುತ್ತಿದ್ದರು. "ಮೇಜೂ ಹೋಯ್ತು, ಬಿಲ್ಲೆಯೂ ಹೋಯ್ತು. ಇವರಿಬ್ಬರ ಪುಸ್ತಕ ಆಗೋ ಹೊತ್ತಿಗೆ ನಾವೇ ಚರಿತ್ರೆ ಆಗಿರ್ತೀವಿ."

ನಾಲ್ಕು ಗಂಟೆಗೆ ಅವನು ಕೆಳಗಿನ ಹೋಟೆಲಿನಿಂದ ಉದ್ದ ಲೋಟದಲ್ಲಿ ಹಾಲು ಕಾಫಿ ತರುತ್ತಿದ್ದ, ತಟ್ಟೆಯಲ್ಲಿ ಬೇಯಿಸಿದ ಕಾಳು ತುಂಬಿದ ಬನ್ನು. ನಾನು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡೇ ಅದನ್ನು ಹುಡುಕುತ್ತಿದ್ದರೆ ಅವನು ಹೇಳುತ್ತಿರಲಿಲ್ಲ; ಸುಮ್ಮನೆ ತನ್ನ ಕಿವಿ ಮುಟ್ಟಿಕೊಳ್ಳುತ್ತಿದ್ದ. ಒಂದು ಸಲ ಪೆನ್ಸಿಲ್ ಕೈಯಲ್ಲೇ ಇತ್ತು. ಆದರೂ ಹುಡುಕುವಂತೆ ಮಾಡಿದೆ. ಅವನು ಕಿವಿ ಮುಟ್ಟಿಕೊಳ್ಳುವುದನ್ನು ನೋಡಬೇಕಾಗಿತ್ತು.

"ಕೈಯಲ್ಲಿದೆ ಮೇಡಂ."

"ಗೊತ್ತು."

ಅವನು ಕಾಫಿ ಲೋಟದೊಳಗೆ ನೋಡಿಕೊಂಡು ನಕ್ಕ. ನಾನು ಬಾಯಿಬಿಟ್ಟು ಒಪ್ಪಿಕೊಳ್ಳುವವಳಲ್ಲ. ಅವನೂ ಅಷ್ಟೇ. ಇಬ್ಬರಿಗೂ ಬಿಗುಮಾನ ಹೆಚ್ಚು.

ಅಪ್ಪನ ಕಾರ್ಡುಗಳನ್ನು ಅವನು ಕೊನೆಗೆ ತಂದ. ಒಟ್ಟು ಐದು. ಕ್ಷೌರಿಕ, ಊಟದಂಗಡಿಯ ವಿಧವೆ, ಸಂಘದ ಹಳೇ ಖಜಾಂಚಿ, ಒಬ್ಬ ದೋಣಿಗಾರ, ದೀಕ್ಷಾಸ್ನಾನದಲ್ಲಿ ಗಾಸ್ಪರನನ್ನು ಎತ್ತಿಕೊಂಡಿದ್ದ ಗಾಡ್‌ಫಾದರ್. ಐವರದೂ ಒಂದೇ ಮಾತು: ಮೊದಲು ಕೂತವನು ಫೆರ್ಮಿನ್. ಅವುಗಳನ್ನು ಮೇಜಿನ ಮಧ್ಯದಲ್ಲಿಡುವಾಗ ಅವನ ಬೆನ್ನು ನೆಟ್ಟಗಾಯಿತು. ಅಪ್ಪ ಸತ್ತು ಆರು ವರ್ಷವಾಗಿತ್ತು. ಓದು ಬರಹ ಬಾರದ, ಮಗನನ್ನು ಮಾತ್ರ ಓದಿಸಿದ ಮನುಷ್ಯ.

"ಮೂಲೆ ಖಾಲಿ ಇದೆ," ಎಂದೆ.

"ಹೇಳಿದವರ ಹೆಸರು ಬರ್ದಿದೀನಲ್ಲ."

"ಅವರಿಗೆ ಹೇಗೆ ಗೊತ್ತು ಅಂತ ಇಲ್ಲ."

"ಐದು ಜನ, ಮೇಡಂ. ನಿಮ್ಮ ಪೇಪರಿಗೆ ಎಷ್ಟು ಜನ ಸಾಕು?"

"ಅಲ್ಲಿದ್ದವರಾದ್ರೆ ಒಬ್ಬರು ಸಾಕು."

ಅವನ ಮುಖ ಬಿಗಿಯಿತು. ಐದೂ ಕಾರ್ಡುಗಳನ್ನು ನನ್ನ ಕಡೆ ತಳ್ಳಿದ. "ನೀವೇ ತುಂಬಿ. ತುಂಬಿದ ಮೇಲೆ ಕ್ಷಮೆ ಕೇಳೋಕೆ ಇಲ್ಲಿಗೇ ಬನ್ನಿ. ಕಾಫಿ ನನ್ನ ಲೆಕ್ಕ."

ಕ್ಷಮೆ ಕೇಳುವ ಆಸೆ ನನಗೂ ಇತ್ತು. ನಿಜ ಹೇಳಬೇಕೆಂದರೆ ಅಷ್ಟು ಆಸೆಯಿಂದ ನಾನು ಯಾವ ಸುದ್ದಿಯನ್ನೂ ಬೆನ್ನಟ್ಟಿರಲಿಲ್ಲ.

ಕ್ಷೌರಿಕನಿಗೆ ಹೇಗೆ ಗೊತ್ತು? "ಇದೇ ಕುರ್ಚಿಯಲ್ಲಿ ಕೂತು ಫೆರ್ಮಿನ್ನೇ ಹೇಳಿದ." ವಿಧವೆಗೆ? "ಊಟಕ್ಕೆ ಬಂದಾಗಲೆಲ್ಲ ಹೇಳ್ತಿದ್ದ, ಪಾಪ." ಖಜಾಂಚಿ ಅವತ್ತು ಊರಲ್ಲೇ ಇರಲಿಲ್ಲ. ದೋಣಿಗಾರ ಆಗಿನ್ನೂ ಹುಟ್ಟಿರಲಿಲ್ಲ. ಇಬ್ಬರಿಗೂ ಹೇಳಿದವನು ಫೆರ್ಮಿನ್. ಗಾಡ್‌ಫಾದರ್ ಮಾತ್ರ ನನ್ನನ್ನೇ ತಿರುಗಿ ಕೇಳಿದರು: "ಫೆರ್ಮಿನ್ ಹೇಳಿದ್ನಮ್ಮ. ಅವನು ಹೇಳಿದ್ರೆ ನಾನು ಯಾಕೆ ಅನುಮಾನ ಪಡ್ಲಿ?"

ಕೊನೆಗೆ, ಅವತ್ತು ಧಕ್ಕೆಯಲ್ಲಿದ್ದ ಕ್ರೆಸೆನ್ಸಿಯೊ ಅಜ್ಜನನ್ನು ಹುಡುಕಿಕೊಂಡು ಹೋದೆ. ಅವರು ಬಲೆ ಹೊಲಿಯುತ್ತ ಕೂತಿದ್ದರು.

"ಮೊದಲು ಯಾರು ಕೂತದ್ದು, ಅಜ್ಜ?"

"ಅದನ್ನ ಯಾರು ನೋಡ್ತಾರೆ ತಾಯಿ? ಹೆಗಲ ಮೇಲೆ ಮೂಟೆ ಇದ್ರೆ ಕಾಣೋದು ಮುಂದಿನವನ ಹಿಮ್ಮಡಿ."

"ಫೆರ್ಮಿನ್ ಲಗೂನೆಸ್?"

"ನನ್ನ ಪಕ್ಕದಲ್ಲೇ ಇದ್ದ. ಕೂತಿದ್ದ. ನನಗಿಂತ ಮೊದಲೋ ಆಮೇಲೋ, ದೇವರಾಣೆ ಗೊತ್ತಿಲ್ಲ."

ಮಾರನೇ ದಿನ ಗಾಸ್ಪರ್ ಕಾಫಿ ತಂದಿಟ್ಟು ಕಾಯುತ್ತಿದ್ದ. ಹೊಸ ಅಂಗಿ ಹಾಕಿದ್ದ. ನಾನು ಕೂರಲಿಲ್ಲ. ಅಲ್ಲಿಯವರೆಗೆ ಮೇಜಿನ ಮೇಲಿನ ಕಾರ್ಡುಗಳನ್ನು ನಾವು ವಿಷಯವಾರು ಜೋಡಿಸಿದ್ದೆವು. ಅವನ ಐದನ್ನು ಮಾತ್ರ ನಾನು ಬೇರೆ ಥರ ಜೋಡಿಸಿದೆ, ಯಾರಿಂದ ಬಂದದ್ದು ಅನ್ನುವುದರ ಮೇಲೆ. ಒಂದರ ಮೇಲೊಂದು ಇಟ್ಟೆ. ಐದೂ ಸೇರಿ ಒಂದೇ ಕಟ್ಟಾಯಿತು. ಮೇಲೆ ಒಂದು ಬಿಲ್ಲೆ ಇಟ್ಟೆ.

ಅವನು ಬುದ್ಧಿವಂತ. ವಿವರಿಸುವ ಅಗತ್ಯ ಬೀಳಲಿಲ್ಲ. ಅದೇ ನೋಡುವುದಕ್ಕೆ ಕಷ್ಟವಾದದ್ದು.

"ಐದು ಸಾಕ್ಷಿ ಅಲ್ಲ," ಎಂದ ಮೆಲ್ಲಗೆ. "ಒಂದು ಬಾಯಿ."

"ಹೌದು."

"ನಮ್ಮಪ್ಪ ಸುಳ್ಳು ಹೇಳಿದ ಅಂತೀರಾ?"

"ಇಲ್ಲ. ಗೊತ್ತಿಲ್ಲ ಅಂತೀನಿ. ಅವರೇ ಮೊದಲು ಕೂತಿರಬಹುದು. ಆದ್ರೆ ನಮಗೆ ಗೊತ್ತಿಲ್ಲ."

"ಇಡೀ ಬಂದರಿಗೆ ಗೊತ್ತಿದೆ! ಗೋಡೆಗೆ ಸುಣ್ಣ ಹೊಡ್ದಾಗಿದೆ. ನಮ್ಮಮ್ಮ ಅವತ್ತಿಗೆ ಅಂತ ನೆಲ ಮುಟ್ಟೋ ಅಷ್ಟು ಉದ್ದದ ಶಾಲು ಹೆಣೀತಾ ಕೂತಿದಾಳೆ. ಅವಳ ಮುಂದೆ ಹೋಗಿ 'ಗೊತ್ತಿಲ್ಲ' ಅನ್ಲಾ?"

"ಪುಸ್ತಕದಲ್ಲಿ 'ಮೊದಲು ಕೂತವನು ಫೆರ್ಮಿನ್' ಅಂತ ಬಂದ್ರೆ ಅದರಲ್ಲಿ ನನ್ನ ಹೆಸರು ಇರಲ್ಲ."

"ನಿಮ್ಮ ಹೆಸರು ಅಷ್ಟು ದೊಡ್ಡದಾ?"

"ನನ್ನ ಹತ್ರ ಇರೋದು ಅದೊಂದೇ, ಮೇಷ್ಟ್ರೇ."

ಅವನು ತನ್ನ ಕಾರ್ಡುಗಳನ್ನು ಒಂದೊಂದಾಗಿ ಎತ್ತಿ ಶೂ ಡಬ್ಬಿಗೆ ತುಂಬಿದ. ಪ್ರಶ್ನೆಗಳು ಹೋದ ಮೇಲೆ ಮೇಜಿನ ಮೇಲೆ ನನ್ನ ಉತ್ತರಗಳು ಉಳಿದವು, ಹಲ್ಲು ಬಿದ್ದ ಬಾಯಿಯ ಹಾಗೆ. ಬಾಗಿಲಲ್ಲಿ ನಿಂತು ತಿರುಗಿ ನೋಡಿದ. ನಾನು ಕರೆಯಬಹುದಾಗಿತ್ತು. ಕರೆಯಲಿಲ್ಲ. ಅವನು ನಿಲ್ಲಬಹುದಾಗಿತ್ತು. ನಿಲ್ಲಲಿಲ್ಲ.

ಆಮೇಲಿನ ದಿನಗಳಲ್ಲಿ ಮಹಡಿಗೆ ನಾನೊಬ್ಬಳೇ ಹೋದೆ. ನಾಲ್ಕು ಗಂಟೆಗೆ ಕೆಳಗೆ ಹೋಟೆಲಿನಲ್ಲಿ ಯಾರೋ ಹಾಲಿಗಾಗಿ ಚಮಚದಿಂದ ಲೋಟ ತಟ್ಟಿದರೆ ಮೆಟ್ಟಿಲ ಕಡೆ ನೋಡುತ್ತಿದ್ದೆ. ಪೆನ್ಸಿಲ್ ಕಿವಿಯಲ್ಲಿದ್ದಾಗ ಈಗ ನಾನೇ ಹುಡುಕಿಕೊಳ್ಳಬೇಕು. ತಪ್ಪು ನನ್ನದೆಂದು ಒಂದು ಕ್ಷಣವೂ ಅನ್ನಿಸಲಿಲ್ಲ. ಸರಿಯಿದ್ದೂ ಇಷ್ಟು ನೋಯಬಹುದೆಂದು ಮಾತ್ರ ಗೊತ್ತಿರಲಿಲ್ಲ. ಸಂಘದ ಕಾರ್ಯದರ್ಶಿ ಬಂದು, "ಒಂದು ಸಾಲು ತಾನೆ ಓತಿಲಿಯಾ, ಬಿಟ್ಟುಬಿಡಿ, ಮುದುಕಿ ಸಂತೋಷ ಪಡ್ತಾಳೆ," ಎಂದರು. "ಬರೆಸ್ಕೊಳ್ಳಿ. ನನ್ನ ಹೆಸರು ತೆಗೆದುಬಿಡಿ," ಎಂದೆ.

ಬಡಗಣ ಗಾಳಿ ಎದ್ದ ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಗಾಸ್ಪರ್. ಕೂದಲಲ್ಲೆಲ್ಲ ಮರಳು. ಗಡ್ಡ ತೆಗೆದಿರಲಿಲ್ಲ. ಡಬ್ಬಿ ತೆರೆದು ಹೊಸ ಕಾರ್ಡುಗಳನ್ನು ಹರಡತೊಡಗಿದ.

ಅವತ್ತು ಧಕ್ಕೆಯಲ್ಲಿದ್ದು ಇನ್ನೂ ಬದುಕಿರುವ ಪ್ರತಿಯೊಬ್ಬರನ್ನೂ ಹುಡುಕಿ ಹೋಗಿದ್ದ. ಯಾರನ್ನೂ ಮೊದಲು ಯಾರು ಕೂತರು ಅಂತ ಕೇಳಿರಲಿಲ್ಲ. ಏನು ಕಂಡಿರಿ ಅಂತಷ್ಟೇ ಕೇಳಿದ್ದ. ಪ್ರತಿ ಕಾರ್ಡಿನ ನೆತ್ತಿಯ ಮೇಲೂ ಒಂದು ಪದವಿತ್ತು. ಪ್ರತಿ ಮೂಲೆಯೂ ತುಂಬಿತ್ತು: *ಅಲ್ಲಿದ್ದರು. ಅಲ್ಲಿದ್ದರು. ಅಲ್ಲಿದ್ದರು.*

ನಾನು ಓದಿದೆ. ಒಬ್ಬನಿಗೆ ಸತ್ತವನ ಟೋಪಿ ನೆನಪಿತ್ತು. ಒಬ್ಬನಿಗೆ ಮುಕಾದಮನ ಶಿಳ್ಳೆ. ಒಬ್ಬನಿಗೆ ಕಾಫಿ ಮೂಟೆಯ ಬಿಸಿ, ಕೂತಲ್ಲಿ ತೊಡೆ ಸುಟ್ಟದ್ದು. ಯಾವುದೂ ಇನ್ನೊಂದಕ್ಕೆ ಹೊಂದಲಿಲ್ಲ. ಅವನು ಎರಡು ಕಾರ್ಡು ಮೇಲೆ ಸರಿಸಿದ, ನಾನು ಒಂದನ್ನು ಎಡಕ್ಕೆ.

"ಯಾಕೆ?" ಎಂದ.

"ಪೊಲೀಸರು ಬಂದದ್ದು ಇಲ್ಲಿ. ನಿಮ್ಮ ಈ ಕಾರ್ಡು ಅದಾದ ಮೇಲಿನದು."

"ಹಾಗಾದ್ರೆ ಇದೂ ಅಲ್ಲಿಗೇ." ಇನ್ನೊಂದನ್ನು ಸರಿಸಿದ. ಅಲ್ಲೇ ನಿಂತ.

ಆ ಮೂಲೆಯಲ್ಲಿ ಸಾಲು ದಪ್ಪವಾಗುತ್ತಿತ್ತು. *ಕುದುರೆ ಪೊಲೀಸರು ಬಂದರು, ನಾವು ಕೂತೇ ಇದ್ದೆವು. ನನ್ನ ಹೆಂಡತಿ ಬಂದು ಏಳು ಅಂದಳು, ಏಳಲಿಲ್ಲ. ಕೂಲಿ ಹೆಚ್ಚು ಕೊಡುತ್ತೇವೆ ಅಂದರು, ಯಾರೂ ಏಳಲಿಲ್ಲ.* ಒಬ್ಬರಿಂದೊಬ್ಬರು ಕೇಳಿದ್ದಲ್ಲ. ಬೇರೆ ಬೇರೆ ಬಾಯಿ, ಬೇರೆ ಬೇರೆ ಊರು, ಒಂದೇ ಮಾತು.

"ಮೊದಲು ಯಾರು ಕೂತರೋ ಯಾರಿಗೂ ಗೊತ್ತಿಲ್ಲ," ಗಾಸ್ಪರ್ ಹೇಳಿದ. ದನಿ ಒಡೆದಿತ್ತು. "ಆದ್ರೆ ಎದ್ದವನು ಒಬ್ಬನೂ ಇಲ್ಲ. ಎಲ್ಲರಿಗೂ ನೆನಪಿರೋದು ಅದು. ನಾವು ಇಷ್ಟು ದಿನ ತಪ್ಪು ಪ್ರಶ್ನೆಗೆ ಉತ್ತರ ಹುಡುಕ್ತಿದ್ವಿ."

"ಇದು ಪುಸ್ತಕದ ಮೊದಲ ಸಾಲು," ಎಂದೆ.

"ನಿನ್ನ ಹೆಸರು ಇರುತ್ತೆ ತಾನೆ?"

ಅಲ್ಲಿಯವರೆಗೆ ಅವನು ನನ್ನನ್ನು *ನೀನು* ಅಂದಿರಲಿಲ್ಲ. ಅವನಿಗೂ ಅದು ಗಮನಕ್ಕೆ ಬಂತು. ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಇರುತ್ತೆ," ಎಂದೆ. "ಸಂಘಕ್ಕೆ ನಾನು ಹೇಳ್ತೀನಿ. ಪೇಪರಿನವಳನ್ನ ಬೈಯೋದು ಅವರಿಗೆ ಅಭ್ಯಾಸ."

"ಬೇಡ. ನಮ್ಮಪ್ಪನ ಹೆಸರು ಗೋಡೆಯಿಂದ ಇಳೀಬೇಕಾದ್ರೆ ಇಳಿಸೋನು ನಾನು. ಬೇರೆಯವರ ಕೈ ಬೀಳೋದು ನಂಗೆ ಇಷ್ಟ ಇಲ್ಲ."

ವಾರ್ಷಿಕೋತ್ಸವದ ದಿನ ಸಂಘದ ಸಭಾಂಗಣ ಕಿಕ್ಕಿರಿದಿತ್ತು. ಬಿಳಿ ಗೋಡೆಯ ಪಕ್ಕದಲ್ಲಿ ಏಣಿ ಆನಿಸಿತ್ತು, ಪೇಂಟರ್ ಬಣ್ಣ ಕಲಸಿಕೊಂಡು ಕಾಯುತ್ತಿದ್ದ. ಮುಂದಿನ ಸಾಲಿನಲ್ಲಿ ಗಾಸ್ಪರನ ತಾಯಿ ರೆಫೂಹಿಯೊ, ಹೊಸ ಶಾಲು ಹೊದ್ದು, ರಾಣಿಯ ಹಾಗೆ.

ಗಾಸ್ಪರ್ ಎದ್ದು ನಿಂತ. ಕೈಯಲ್ಲಿ ಕಾರ್ಡುಗಳಿದ್ದವು. ಒಂದೊಂದನ್ನೇ ಓದಿದ, ಒಂದೊಂದರ ಮೂಲೆಯನ್ನೂ ಓದಿದ. ಟೋಪಿ, ಶಿಳ್ಳೆ, ಅಲೆಯ ಸದ್ದು, ಕುದುರೆಗಳು. ತಮ್ಮ ಹೆಸರು ಬಂದಾಗ ಮುದುಕರು ಕುರ್ಚಿಯಲ್ಲಿ ನೆಟ್ಟಗಾಗುತ್ತಿದ್ದರು. ಕೊನೆಗೆ ಕಾರ್ಡುಗಳನ್ನು ಕೆಳಗಿಟ್ಟ.

"ನಮ್ಮಪ್ಪ ಫೆರ್ಮಿನ್ ಲಗೂನೆಸ್ ಮೊದಲು ಕೂತ ಅಂತ ನೀವೆಲ್ಲ ಕೇಳಿದೀರಿ. ನಾನೂ ಕೇಳಿದೀನಿ. ಎಲ್ಲರೂ ಕೇಳಿರೋದು ಅವನ ಬಾಯಿಂದಲೇ. ಅದು ನಿಜವೋ ಅಲ್ಲವೋ ನಮಗೆ ಗೊತ್ತಿಲ್ಲ, ಇನ್ನು ಗೊತ್ತಾಗೋದೂ ಇಲ್ಲ. ಗೊತ್ತಿರೋದು ಇಷ್ಟು. ಅವನು ಅಲ್ಲಿದ್ದ. ಕೂತ. ಏಳಲಿಲ್ಲ. ನೀವೂ ಏಳಲಿಲ್ಲ. ಒಬ್ಬನ ಹೆಸರು ಬರೀಬೇಡಿ. ಅವತ್ತು ಕೂತವರ ಹೆಸರೆಲ್ಲ ನನ್ನ ಹತ್ರ, ಓತಿಲಿಯಾ ಹತ್ರ ಇದೆ. ಗೋಡೆ ದೊಡ್ಡದಿದೆ."

ಹಿಂದಿನ ಸಾಲಿನಿಂದ ಯಾರೋ, "ಹಾಗಾದ್ರೆ ಫೆರ್ಮಿನ್ ಮೊದಲಲ್ವಾ?" ಅಂದರು. ಕಾರ್ಯದರ್ಶಿ ಹಣೆ ಒರೆಸಿಕೊಂಡರು. ಗಾಸ್ಪರ್ ಯಾರನ್ನೂ ನೋಡಲಿಲ್ಲ, ತಾಯಿಯನ್ನು ನೋಡಿದ. ಇಡೀ ಸಭೆ ಆಕೆಯನ್ನೇ ನೋಡಿತು.

ರೆಫೂಹಿಯೊ ನಿಧಾನಕ್ಕೆ ಎದ್ದರು. "ನನ್ನನ್ನೂ ತಾನೇ ಮೊದಲು ಇಷ್ಟಪಟ್ಟಿದ್ದು ಅಂತಿದ್ದ, ಪುಣ್ಯಾತ್ಮ. ಮೊದಲು ಇಷ್ಟಪಟ್ಟಿದ್ದು ನಾನು. ನಾಲ್ಕು ತಿಂಗಳು ಮೊದಲು. ಹೇಳ್ಕೊಂಡು ತಿರುಗಲಿಲ್ಲ, ಅಷ್ಟೇ." ಸಭೆ ಗೊಳ್ಳೆಂದಿತು. ಅವರು ಪೇಂಟರನ ಕಡೆ ತಿರುಗಿದರು. "ಏನು ನೋಡ್ತಾ ನಿಂತಿದೀಯ? ಹತ್ತು. ಎಲ್ಲರ ಹೆಸರೂ ಬರಿ. ನನ್ನ ಗಂಡನ್ನ ಒಬ್ಬನೇ ಮೇಲೆ ಕೂರಿಸ್ಬೇಡ, ಬೇಜಾರಾಗುತ್ತೆ ಅವನಿಗೆ."

ಕ್ರೆಸೆನ್ಸಿಯೊ ಅಜ್ಜ ಮೊದಲು ಚಪ್ಪಾಳೆ ತಟ್ಟಿದರು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಬರೆಯಬಹುದು. ಚಪ್ಪಾಳೆಯ ನಡುವೆ ಗಾಸ್ಪರ್ ನನ್ನನ್ನು ಹುಡುಕಿದ. ಪತ್ರಿಕೆಯಲ್ಲಿದ್ದಾಗ ಎಷ್ಟೋ ದೊಡ್ಡವರ ಭಾಷಣ ವರದಿ ಮಾಡಿದ್ದೇನೆ, ಒಬ್ಬರ ಬಗ್ಗೆಯೂ ಹೆಮ್ಮೆ ಪಟ್ಟವಳಲ್ಲ. ಅವತ್ತು ಪಟ್ಟೆ. ಅವನಿಗೆ ಕಾಣಲಿ ಅಂತಲೇ ಮುಖ ತಿರುಗಿಸಲಿಲ್ಲ.

ಸಂಜೆ ಚೌಕದಲ್ಲಿ ವಾದ್ಯದವರು ಸೇರಿದ್ದರು. ಕಂಬಗಳ ಸಾಲಿನ ಕೆಳಗೆ ಊರೇ ಕೂತಿತ್ತು. ಗಾಸ್ಪರ್ ಬಂದು ಕೈ ಚಾಚಿದ. ಕುಣಿಯುವವರ ಬಗ್ಗೆ ಬರೆದವಳು ನಾನು, ಕುಣಿದವಳಲ್ಲ.

"ನಂಗೆ ಬರಲ್ಲ."

"ದಾನ್ಸೋನ್ ಕುಣಿತದಲ್ಲಿ ಅರ್ಧ ಹೊತ್ತು ನಿಂತ್ಕೊಳ್ಳೋದೇ. ನಿಂತ್ಕೊಳ್ಳೋದು ನಿನಗೆ ಚೆನ್ನಾಗಿ ಬರುತ್ತೆ."

ಕೆಲವು ಹೆಜ್ಜೆ ಹಾಕಿದೆವು, ಒಂದು ಹಾಸುಗಲ್ಲಿನಷ್ಟು ಜಾಗದೊಳಗೆ, ಪಾದ ನೆಲಕ್ಕಂಟಿಸಿ. ಪಲ್ಲವಿ ಬಂತು. ರೂಢಿಯಂತೆ ಜೋಡಿಗಳೆಲ್ಲ ನಿಂತವು. ಹೆಂಗಸರು ಬೀಸಣಿಗೆ ತೆರೆದರು. ನಾವು ಅಕ್ಕಪಕ್ಕ, ವಾದ್ಯದ ಕಡೆ ಮುಖ ಮಾಡಿ, ತಲೆ ಎತ್ತಿ ನಿಂತೆವು.

ನನ್ನ ಕಡೆ ತಿರುಗದೆಯೇ ಅವನು ಹೇಳಿದ: "ಮಹಡಿ ಖಾಲಿ ಮಾಡ್ಬೇಕಂತೆ. ಮುದುಕರಿಗೆ ಮೇಜು ಬೇಕಂತೆ. ನಿನ್ನ ಕಾರ್ಡೆಲ್ಲ ಎಲ್ಲಿಡ್ತೀಯ?"

"ನನ್ನ ಕೋಣೇಲಿ."

"ನನ್ನ ಮನೇಲಿ ಜಾಗ ಇದೆ."

"ಕಾರ್ಡಿಗಾ?"

"ಕಾರ್ಡು ನೆಪ. ನೀನಿಲ್ಲದ ದಿನ ನನ್ನ ಒಂದು ಪ್ರಶ್ನೆಯೂ ಮುಂದಕ್ಕೆ ಹೋಗಲಿಲ್ಲ, ಓತಿಲಿಯಾ. ನೀನು ಬೇಕು."

ನಾನು ಆಗಲೂ ಬಿಗುಮಾನ ಬಿಡಲಿಲ್ಲ. "ಲಗೂನೆಸ್ ಅನ್ನೋ ಹೆಸರು ನಾನು ಸೇರಿಸ್ಕೊಳ್ಳಲ್ಲ."

"ಹೆಸರು ಯಾರು ಕೇಳಿದ್ರು? ಹೆಸರು ನಿನ್ನದೇ ಇರ್ಲಿ. ವಿಳಾಸ ಬದಲಾಯಿಸು ಅಂದೆ."

ತಾಳ ಬಿಗಿಯಾಯಿತು. ಇನ್ನೇನು ಕುಣಿತ ಶುರುವಾಗುತ್ತದೆ. ಬೀಸಣಿಗೆಗಳು ಮುಚ್ಚಿಕೊಂಡವು.

"ಭಾನುವಾರ ಬಾ," ಎಂದೆ. "ಕೈಗಾಡಿ ತಗೊಂಡು ಬಾ. ಡಬ್ಬಿ ತುಂಬ ಇವೆ, ಭಾರ."

ಅವನು ಈಗ ತಿರುಗಿದ. ಇಡೀ ಚೌಕಕ್ಕೆ ಕಾಣುವಷ್ಟು ಅಗಲವಾಗಿ ನಕ್ಕ. "ಹಮಾಲನ ಮಗನಿಗೆ ಗಾಡಿ ತಾ ಅಂತೀಯ? ಮಾನ ತೆಗೀಬೇಡ."

ನಾನು ನನ್ನ ಬಲಗೈಯನ್ನು ಅವನ ಎಡಗೈಗೆ ಕೊಟ್ಟೆ. ಕಾಲ ಕಡೆ ನೋಡಿಕೊಳ್ಳಲಿಲ್ಲ.